ಮೂಲ ಕ್ಯಾಸೆಟ್ಟಿನಿಂದಲೇ

ಚಿರಂಜೀವಿ ಹಿರಿಯ ಮಗನಿಗೆ ಆಶೀರ್ವಾದಗಳು.

ನಿನ್ನ ತಮ್ಮನ ಮದುವೆಯ ವೀಡಿಯೋವನ್ನು ಡಿವಿಡಿಗೆ ಇಳಿಸಲು, ನೀನು ಫೋನಿಗೆ ಕಳುಹಿಸಿದ ಫೈಲನ್ನೇ ಕೊಡಬೇಕೆಂದು ಅಪ್ಪಣೆ ಮಾಡಿದ್ದೆ. ನಾನು ಅದನ್ನು ಕೊಟ್ಟಿಲ್ಲ. ಸ್ಟುಡಿಯೋದವನು ಅದನ್ನು ನೋಡಿ ನಕ್ಕುಬಿಟ್ಟ.

"ಯಜಮಾನ್ರೇ, ಫೋನಲ್ಲಿ ಹಿಡೀಲಿ ಅಂತ ಇದನ್ನ ಹಿಂಡಿ ಹಿಪ್ಪೆ ಮಾಡಿದ್ದಾರೆ. ಟೀವಿಗೆ ಹಾಕಿದ್ರೆ ಮದುಮಗ ಯಾರು, ಮಾವ ಯಾರು ಅಂತ ಗೊತ್ತಾಗಲ್ಲ. ಮೂಲ ಕ್ಯಾಸೆಟ್ಟಿದ್ರೆ ತನ್ನಿ."

ಅದು ನಿನ್ನ ತಾಯಿಯ ಸೀರೆಗಳ ನಡುವೆ ಭದ್ರವಾಗಿತ್ತು. ಅದನ್ನೇ ಕೊಟ್ಟು ಬಂದಿದ್ದೇನೆ.

ನಿನ್ನ ಆಕ್ಷೇಪವು ಚಿತ್ರದ ಸ್ಪಷ್ಟತೆಯನ್ನು ಕುರಿತದ್ದಲ್ಲವೆಂದು ಬಲ್ಲೆ. ತನಗೆ ಒಪ್ಪಿದವನನ್ನು ಮದುವೆಯಾದ ನಿನ್ನ ತಂಗಿ, ಯಾರೂ ಕರೆಯದಿದ್ದರೂ ಬಂದು ಬಾಗಿಲಲ್ಲಿ ನಿಂತದ್ದು, ನಿನ್ನ ತಾಯಿ ನೆಂಟರೆಲ್ಲರ ಎದುರಿಗೆ ಅವಳ ಕೈಹಿಡಿದು ಒಳಗೆ ಕರೆತಂದದ್ದು ಕ್ಯಾಸೆಟ್ಟಿನಲ್ಲಿದೆ. ನಿನ್ನ ಫೈಲಿನಲ್ಲಿ ನೀನು ಕತ್ತರಿಸಿ ತೆಗೆದದ್ದು ಅದನ್ನೇ. ಫೋನಿನ ಪುಟ್ಟ ಪರದೆ ಕಣ್ಣಿಗೆ ಸರಿಯಾಗಿ ಕಾಣದ ನಿನ್ನ ತಾಯಿ ಟೀವಿಯಲ್ಲಿ ನೋಡಬೇಕೆಂದು ಹಂಬಲಿಸುತ್ತಿರುವುದೂ ಅದನ್ನೇ.

"ಮನೆ ಮಾನ ಹೋಗತ್ತೆ, ಅಪ್ಪಾ. ನಿಮಗೇನೂ ತಿಳಿಯಲ್ಲ," ಎಂದು ಫೋನಿನಲ್ಲಿ ಗದರಿದೆ. ಈ ಮನೆಯ ಮಾನವನ್ನು ಕಾಯುವ ಹೊಣೆಯನ್ನು ನಾನಿನ್ನೂ ಯಾರಿಗೂ ವಹಿಸಿಕೊಟ್ಟಿಲ್ಲ.

ದುರಸ್ತಿಗೆಂದು ಒಯ್ದ ಡಿವಿಡಿ ಪ್ಲೇಯರನ್ನು ಭಾನುವಾರ ಬರುವಾಗ ಮರೆಯದೆ ತೆಗೆದುಕೊಂಡು ಬಾ. ನೀನೂ ಕುಳಿತು ನೋಡುವುದಾದರೆ ಸಂತೋಷ, ಕುರ್ಚಿಗಳಿಗೆ ಕೊರತೆಯಿಲ್ಲ. ನಿನ್ನ ತಾಯಿಯ ಪಕ್ಕದ ಎರಡನ್ನು ಮಾತ್ರ ಬಿಟ್ಟು ಕೂರು. ಅಲ್ಲಿ ನಿನ್ನ ತಂಗಿಯೂ ಅವಳ ಗಂಡನೂ ಕೂರುತ್ತಾರೆ. ಈ ಸಲ ಅವರನ್ನು ನಾನೇ ಹೋಗಿ ಕರೆದು ಬಂದಿದ್ದೇನೆ.

ಇಂತು,
ನಿನ್ನ ತಂದೆ