ಹರಕೆ ಮರದ ಕಾಯಿ

ಅಜ್ಜಂಪುರ
೧೭ನೇ ಫೆಬ್ರವರಿ ೧೯೨೯, ಭಾನುವಾರ

ಪ್ರೀತಿಯ ಷಣ್ಮುಖಣ್ಣನಿಗೆ ತಮ್ಮ ಬೆನಕನ ಶರಣು.

ನಿನ್ನ ಓದಿಗಾಗಿ ನಾನು ಶಾಲೆ ಬಿಟ್ಟೆ ಎಂಬುದು ಸುಳ್ಳು. ಕ್ಷೇಮ ಸಮಾಚಾರಕ್ಕಿಂತ ಮೊದಲು ಇದನ್ನೇ ಬರೆಯುತ್ತಿದ್ದೇನೆ. ನಾಲ್ಕು ಸಾಲು ಕುಶಲ ವಿಚಾರಿಸುತ್ತ ಕೂತರೆ ನನ್ನ ಧೈರ್ಯ ಅಲ್ಲಿಗೇ ಮುಗಿದುಹೋಗುತ್ತದೆ.

ಬರುವ ತಿಂಗಳ ಇಂಟರ್‌ಮೀಡಿಯೆಟ್ ಪರೀಕ್ಷೆಗೆ ಕೂರುವುದಿಲ್ಲ, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬಂದುಬಿಡುತ್ತೇನೆ ಎಂದು ನೀನು ಬರೆದಿದ್ದೀಯ. ಹೋದ ವರ್ಷ ಇಂಗ್ಲಿಷಿನಲ್ಲಿ ಹೋದದ್ದಕ್ಕಿಂತ, ತಮ್ಮನ ವಿದ್ಯೆಯನ್ನು ತಿಂದು ಫೇಲಾದೆನಲ್ಲ ಎಂಬುದೇ ನಿನ್ನನ್ನು ಸುಡುತ್ತಿದೆ ಎಂದಿದ್ದೀಯ. ಹಾಸ್ಟೆಲಿನಲ್ಲಿ ಊಟಕ್ಕೆ ಕೂತಾಗಲೆಲ್ಲ ಮನೆಯವರ ಉಪಕಾರ ನೆನೆಯಬೇಕು ಎಂದುಕೊಳ್ಳುತ್ತೀಯಂತೆ, ನೆನೆದ ಕೂಡಲೇ ತುತ್ತು ಗಂಟಲಲ್ಲಿ ನಿಲ್ಲುತ್ತದಂತೆ. ಅದನ್ನು ಓದಿದ ಮೇಲೆ ನಾನು ಸುಮ್ಮನಿರಲಾರೆ.

ಅಣ್ಣ, ನನ್ನ ವಿದ್ಯೆಯನ್ನು ನೀನು ತಿಂದಿಲ್ಲ. ನನಗೆ ಅದು ಸೇರುತ್ತಿರಲಿಲ್ಲ. ಕಡೂರಿನಲ್ಲಿ ಮಾವನ ಮನೆಯಲ್ಲಿದ್ದುಕೊಂಡು ಶಾಲೆಗೆ ಹೋಗುತ್ತಿದ್ದಾಗ, ಕೊನೆಯ ದಿನಗಳಲ್ಲಿ ನಾನು ಶಾಲೆಯ ಬಾಗಿಲನ್ನೇ ತುಳಿಯುತ್ತಿರಲಿಲ್ಲ. ಬುತ್ತಿ ಹಿಡಿದು ಹೊರಟು ನೇರ ರೈಲ್ವೆ ಸ್ಟೇಷನ್ನಿಗೆ ಹೋಗಿ, ಇಂಜಿನ್ನಿಗೆ ನೀರು ಬಿಡುವುದನ್ನು ನೋಡುತ್ತ ನಿಂತಿರುತ್ತಿದ್ದೆ. ಬೆಂಚಿನ ಮೇಲೆ ಕೂತರೆ ನನಗೆ ಮೈಯೆಲ್ಲ ಇರುವೆ ಹರಿದಂತಾಗುತ್ತಿತ್ತು. ಆ ಬೇಸಗೆಯಲ್ಲಿ ನಿನ್ನನ್ನು ಮೈಸೂರಿಗೆ ಕಳಿಸುವ ಮಾತು ಬಂತು. ಇಬ್ಬರನ್ನೂ ಓದಿಸುವುದು ಹೇಗೆ ಎಂದು ಅಪ್ಪ ಜಗಲಿಯಲ್ಲಿ ತಲೆ ಬಗ್ಗಿಸಿ ಕೂತಿದ್ದರು. ಅಣ್ಣ ಓದಲಿ, ನಾನು ಬಿಡುತ್ತೇನೆ ಎಂದೆ. ಅಪ್ಪ ಟವಲಿನಲ್ಲಿ ಕಣ್ಣೊರೆಸಿಕೊಂಡರು. ಮಠಕ್ಕೆ ಹೋದಾಗ ಅಯ್ಯನವರು ನನ್ನ ತಲೆಯ ಮೇಲೆ ಕೈಯಿಟ್ಟು ಲಕ್ಷ್ಮಣನಂಥ ತಮ್ಮ ಎಂದರು. ಅವತ್ತಿನಿಂದ ಅವ್ವ ನನ್ನ ಮುದ್ದೆಗೆ ಎಲ್ಲರಿಗಿಂತ ಹೆಚ್ಚು ತುಪ್ಪ ಬಿಡುತ್ತಾಳೆ. ನಾನು ನಿಜ ಹೇಳದೆ ತಿಂದೆ. ತುಪ್ಪ ಚೆನ್ನಾಗಿತ್ತು.

ಈಗ ಮರದ ವಿಷಯಕ್ಕೆ ಬರುತ್ತೇನೆ. ಅದನ್ನು ನಿನಗೆ ಯಾರೂ ಪೂರ್ತಿ ಹೇಳಿರಲಾರರು.

ನೀನು ಹೊರಟ ದಿನ ಅವ್ವ ಬಾವಿಯ ಪಕ್ಕದ ತೆಂಗಿನಮರವನ್ನು ಅಂತರಘಟ್ಟಮ್ಮನ ಹೆಸರಿಗೆ ಬಿಟ್ಟದ್ದು ನಿನಗೆ ಗೊತ್ತು. ನೀನು ಪಾಸಾಗುವ ತನಕ ಆ ಮರವನ್ನು ಯಾರೂ ಹತ್ತಬಾರದು, ಪಾಸಾದ ಮೇಲೆ ಮೊದಲ ಗೊನೆ ಅಮ್ಮನಿಗೆ, ಇದು ಹರಕೆ. ಹೋದ ವರ್ಷವೇ ನೀನು ಪಾಸಾಗುತ್ತೀಯ ಎಂಬ ಲೆಕ್ಕದಲ್ಲಿ ಹೊತ್ತದ್ದು. ಆದರೆ ಮರಕ್ಕೆ ಪರೀಕ್ಷೆಯ ಸಂಗತಿ ಏನು ಗೊತ್ತು? ಅದು ತನ್ನ ಪಾಡಿಗೆ ಕಾಯಿ ಬಿಡುತ್ತ ಹೋಯಿತು. ಒಣಗಿದ ಕಾಯಿ ತನಗೆ ತೋಚಿದಾಗ ಬೀಳತೊಡಗಿತು. ಕೊಟ್ಟಿಗೆಯ ಹೆಂಚು ಒಡೆಯಿತು. ಚಿಕ್ಕಪ್ಪ ನೀರು ಸೇದಲು ತಲೆಯ ಮೇಲೆ ಮಂಕರಿ ಕವುಚಿಕೊಂಡು ಹೋಗುವುದನ್ನು ನೀನು ನೋಡಬೇಕಿತ್ತು. ಎದುರುಮನೆಯ ಕಮಲಾಕ್ಷಮ್ಮನಿಗಂತೂ ಆ ಮರವೇ ಪಂಚಾಂಗವಾಗಿತ್ತು. ಕಾಯಿ ಬಿದ್ದ ಸದ್ದು ಕೇಳಿದರೆ ಸಾಕು, ಕದ ತೆರೆದು, ಯಾಕ್ರೀ ಕರಿಬಸಮ್ಮ, ಷಣ್ಮುಖ ಇವತ್ತೂ ಓದ್ಲಿಲ್ವಾ ಅಂತ ಕೇಳುತ್ತಿದ್ದರು. ಅವ್ವನೂ ಮೊದಮೊದಲು ನಗುತ್ತಿದ್ದಳು. ನಿನ್ನ ಫಲಿತಾಂಶ ಬಂದ ಮೇಲೆ ನಗು ನಿಂತಿತು.

ನೀನು ಪರೀಕ್ಷೆ ಬಿಡುವ ಮಾತನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ನಿನ್ನ ಕಾಗದ ಬಂದ ಮಾರನೆಯ ಬೆಳಿಗ್ಗೆ ಅವ್ವ ಬಾವಿಕಟ್ಟೆಯಲ್ಲಿ ಬಗ್ಗಿ ಕೊಡ ಎತ್ತಿಕೊಳ್ಳುತ್ತಿದ್ದಳು. ಮೇಲಿನಿಂದ ಒಂದು ಕಾಯಿ ಬಂದು ಕೊಡದ ಮೇಲೆ ಬಿತ್ತು. ಮಣ್ಣಿನ ಕೊಡ ಅವಳ ಕೈಯಲ್ಲೇ ಚೂರಾಯಿತು. ಒಂದು ಗೇಣು ಈಚೆ ಬಿದ್ದಿದ್ದರೆ ಈ ಕಾಗದದಲ್ಲಿ ಬೇರೆ ಸುದ್ದಿ ಇರುತ್ತಿತ್ತು. ನಾನು ಓಡಿಹೋದೆ. ಅವ್ವನಿಗೆ ಪೆಟ್ಟಾಗಿರಲಿಲ್ಲ. ಒದ್ದೆ ಸೀರೆಯಲ್ಲಿ ಅಲ್ಲೇ ಕೂತು, ಅಮ್ಮನಿಗೆ ನನ್ನ ಮೇಲೆ ಯಾಕೋ ಸಿಟ್ಟು ಎಂದಳು.

ಅಮ್ಮನಿಗೆ ಸಿಟ್ಟಿಲ್ಲ, ಮರಕ್ಕೆ ಭಾರ, ನಾನು ಹತ್ತಿ ಕೆಡವುತ್ತೇನೆ ಎಂದೆ. ಅವ್ವ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದಳು.

"ಪಾಸಾದ್ರೆ ಅಂತ ಅಲ್ವೇನೋ ಹರಕೆ ಹೊತ್ತಿದ್ದು? ಅವನಿನ್ನೂ ಪಾಸಾಗಿಲ್ವಲ್ಲೋ" ಎಂದಳು.

ನನಗೆ ಎಲ್ಲಿಂದ ಹೊಳೆಯಿತೋ ಕಾಣೆ, ಹೇಳಿಬಿಟ್ಟೆ. "ಫೇಲಾದ್ಮೇಲೂ ಮತ್ತೆ ಪುಸ್ತಕ ಹಿಡ್ಕೊಂಡು ಕೂತವ್ನೆ ಕಣವ್ವ. ಅಷ್ಟಕ್ಕಾದ್ರೂ ಅಮ್ಮನ ಮುಂದೆ ಒಂದು ಕಾಯಿ ಒಡೀಬಾರ್ದಾ?"

ಅವ್ವ ಕೊಡದ ಚೂರುಗಳನ್ನು ಒಂದೊಂದಾಗಿ ಆರಿಸಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಎದ್ದು, ದೂರ ಸರಿದು ನಿಂತು ಹೇಳಿದಳು.

"ಹತ್ತು ಲೇ. ಬಿದ್ದುಗಿದ್ದು ಇನ್ನೊಂದು ಹರಕೆ ಹೊರಿಸ್ಬೇಡ ನನ್ಮೇಲೆ."

ಹತ್ತಿದೆ. ಎಲ್ಲವನ್ನೂ ಕೆಡವಿದೆ. ಅಂಗಳದ ತುಂಬ ಕಾಯಿ. ಚಿಕ್ಕಪ್ಪ ಮಂಕರಿಯನ್ನು ತಲೆಯಿಂದ ತೆಗೆದು ಅದರಲ್ಲೇ ಕಾಯಿ ತುಂಬಿದ. ಅವ್ವ ಮಂಗಳವಾರ ಗಾಡಿ ಕಟ್ಟಿಸಿಕೊಂಡು ಅಂತರಘಟ್ಟೆಗೆ ಹೋಗಿ ಒಂದು ಗೊನೆಯಷ್ಟು ಒಪ್ಪಿಸಿ ಬಂದಳು. ಪೂಜಾರಿ ಮಗ ಪಾಸಾದನೇ ಎಂದು ಕೇಳಿದನಂತೆ. ಇಲ್ಲ, ಓದ್ತಾ ಅವ್ನೆ ಅಂದಳಂತೆ. ಉಳಿದ ಕಾಯಿಯಲ್ಲಿ ಬೀದಿಗೆಲ್ಲ ಹೋಳಿಗೆಯಾಯಿತು. ಕಮಲಾಕ್ಷಮ್ಮ ತಿಂದು, ಪಾಸಾಗದೇ ಇಷ್ಟು ರುಚಿ, ಪಾಸಾದರೆ ಹೇಗೋ ಎಂದರು. ಆದ್ದರಿಂದ ಅಣ್ಣ, ಇಲ್ಲಿ ಈಗ ನಿನಗಾಗಿ ಕಾದು ನಿಂತ ಮರ ಯಾವುದೂ ಇಲ್ಲ. ನೀನು ಪಾಸಾದರೆ ಎಲ್ಲರಿಗೂ ಸಂತೋಷವೇ, ಇಲ್ಲವೆಂದು ನಾನು ಬರೆಯುವುದಿಲ್ಲ. ಆದರೆ ಆ ಸಂತೋಷದಲ್ಲಿ ಒಂದು ಪಾಲನ್ನು ನಾವು ಅಷ್ಟು ದಿನ ಕಾಯದೆ ಈಗಲೇ ತಿಂದಾಗಿದೆ.

ನೀನು ಬಂದು ಹೊಲ ನೋಡಿಕೊಂಡು ನನ್ನನ್ನು ಮತ್ತೆ ಶಾಲೆಗೆ ಕಳಿಸುತ್ತೇನೆ ಎಂದಿದ್ದೀಯ. ದಯವಿಟ್ಟು ಬೇಡ. ಹೋದ ತಿಂಗಳು ತರೀಕೆರೆಗೆ ಕೊಬ್ಬರಿ ಗಾಡಿಯ ಜೊತೆ ಹೋದವನು, ಅಲ್ಲಿಂದ ಕೆಮ್ಮಣ್ಣುಗುಂಡಿಯ ಬುಡದವರೆಗೂ ಹೋಗಿದ್ದೆ. ಬೆಟ್ಟದ ಮೇಲೆ ಅಗೆದ ಕಬ್ಬಿಣದ ಅದಿರು ತಂತಿಯ ಮೇಲೆ ತೊಟ್ಟಿಗಳಲ್ಲಿ ತೂಗಾಡುತ್ತ ಇಳಿಯುತ್ತದೆ. ತುಂಬಿದ ತೊಟ್ಟಿ ಇಳಿಯುವ ಭಾರಕ್ಕೆ ಖಾಲಿ ತೊಟ್ಟಿ ತಾನೇ ಏರಿಹೋಗುತ್ತದೆ. ಶಾಲೆಯಲ್ಲಿ ಒಂದು ಪಾಠ ಮುಗಿಯುವಷ್ಟು ಹೊತ್ತು ಕೂರಲಾರದ ನಾನು ಅಲ್ಲಿ ಊಟ ಮರೆತು ಸಂಜೆಯವರೆಗೆ ನಿಂತಿದ್ದೆ. ಫಿಟ್ಟರ್ ಕೆಲಸದ ತೀರ್ಥಪ್ಪನವರು ನನ್ನನ್ನು ಕರೆದು, ಏನು ನೋಡುತ್ತೀಯ ಎಂದು ವಿಚಾರಿಸಿದರು. ತಂತಿ ಹಾಯುವ ಆ ಒಂದು ರಾಟೆ ಯಾಕೆ ಬೇರೆ ಥರ ಕಿರುಗುಟ್ಟುತ್ತದೆ ಎಂದು ಕೇಳಿದೆ. ಅವರು ನಕ್ಕು, ಎಣ್ಣೆಯ ಡಬ್ಬಿ ನನ್ನ ಕೈಗೆ ಕೊಟ್ಟರು. ನಾನು ಕಲಿಯಲಾರದವನಲ್ಲ ಅಣ್ಣ, ಕೂರಲಾರದವನು.

ನಿನ್ನ ಕಥೆ ಬೇರೆ. ನಿನ್ನ ಮೊದಲ ವರ್ಷದ ಕಾಗದಗಳು ನನಗೆ ಇನ್ನೂ ನೆನಪಿವೆ. ಚರಿತ್ರೆಯ ಪಾಠ ಕೇಳುವಾಗ ಗಂಟೆ ಹೊಡೆದರೆ ಬೇಸರವಾಗುತ್ತದೆ ಎಂದಿದ್ದೆ. ಗಂಟೆ ಹೊಡೆದದ್ದಕ್ಕೆ ಬೇಸರಪಟ್ಟ ಹುಡುಗನನ್ನು ನಾನು ಎಲ್ಲೂ ಕಂಡಿಲ್ಲ. ನಿನ್ನ ಕೋಣೆಯ ಚಿಕ್ಕಬೀರಪ್ಪ ಬೆಳಗಿನ ಜಾವ ಎದ್ದು ಅಪಸ್ವರದಲ್ಲಿ ಹಾಡುತ್ತಾನೆ, ಅವನಿಗೆ ಜ್ವರ ಬಂದ ವಾರ ಹಾಸ್ಟೆಲ್ ಎಲ್ಲ ಬಿಕೋ ಎನ್ನುತ್ತಿತ್ತು ಎಂದೂ ಬರೆದಿದ್ದೆ. ಆ ಇಂಗ್ಲಿಷ್ ಮೇಷ್ಟರು ನೀನು ಫೇಲಾದ ಮೇಲೆ ಮನೆಗೆ ಕರೆದು ಕಾಫಿ ಕೊಟ್ಟು, ಪ್ರಬಂಧ ತಿದ್ದಿಕೊಟ್ಟರಲ್ಲ. ಉಪಕಾರ ನೆನೆಯಬೇಕೆಂದರೆ ಇಂಥವನ್ನು ನೆನೆ. ಇವಕ್ಕೆ ನೀನು ಏನನ್ನೂ ಹಿಂದಿರುಗಿಸಬೇಕಾಗಿಲ್ಲ, ಹಾಗಾಗಿ ತುತ್ತು ಗಂಟಲಲ್ಲಿ ನಿಲ್ಲುವುದಿಲ್ಲ. ನಾನು ದಿನವೂ ಹೊಲದಿಂದ ಬರುವಾಗ ಹೀಗೆಯೇ ಮಾಡುತ್ತೇನೆ. ನನಗೆ ಬಂದ ಒಳ್ಳೆಯದನ್ನು ನೆನೆದು ನಗುತ್ತ ಬರುತ್ತೇನೆ. ಜನ ನನ್ನನ್ನು ಅರೆಹುಚ್ಚ ಎನ್ನುವುದು ಅದಕ್ಕೇ.

ಪರೀಕ್ಷೆಗೆ ಕೂರು. ನಿನಗೆ ಓದು ಇಷ್ಟ, ಅದಕ್ಕೆ ಕೂರು. ನನ್ನ ಸಲುವಾಗಿ ಕೂರುವುದಾದರೆ ಮಾತ್ರ ಬೇಡ, ಏಕೆಂದರೆ ಆ ಕಾರಣ ಮೊದಲಿನಿಂದಲೂ ಇರಲಿಲ್ಲ. ಕಷ್ಟವಿದೆ, ಗೊತ್ತು. ಇಂಗ್ಲಿಷ್ ನಿನ್ನನ್ನು ಇನ್ನೊಮ್ಮೆ ಕೆಡವಿದರೆ ಮತ್ತೆ ಕೂರಬಹುದು, ಇಲ್ಲವೇ ಆಗ ಬೇರೆ ದಾರಿ ನೋಡಬಹುದು. ಹೆದರಿಕೆಯಿಂದ ಪೆಟ್ಟಿಗೆ ಕಟ್ಟಬೇಡ, ಅಷ್ಟೇ.

ಇಲ್ಲಿ ಎಲ್ಲರೂ ಕ್ಷೇಮ. ಎಮ್ಮೆ ಈದಿದೆ.

ಇತಿ, ನೀನು ತಿಳಿದುಕೊಂಡಷ್ಟು ಒಳ್ಳೆಯವನಲ್ಲದ, ಆದರೆ ನಿನ್ನನ್ನು ಬಹಳ ಪ್ರೀತಿಸುವ ತಮ್ಮ,
ಬೆನಕಪ್ಪ

ಮರೆತಿದ್ದೆ: ಮೇಲೆ ಬರೆದ ಶಾಲೆಯ ಸತ್ಯವನ್ನು ನಿನಗೆ ಬರೆಯುವ ಮೊದಲು, ಇವತ್ತು ಬೆಳಿಗ್ಗೆ ಅಪ್ಪನ ಮುಂದೆ ಹೇಳಿದೆ. ತೀರ್ಥಪ್ಪನವರು ಕೆಲಸಕ್ಕೆ ಬರಹೇಳಿದ್ದಾರೆ, ಹೋಗುತ್ತೇನೆ ಎಂದೂ ಹೇಳಿದೆ. ಹೊಲಕ್ಕೆ ಚಿಕ್ಕಪ್ಪ ಇದ್ದಾನೆ. ಅಪ್ಪ ಮಧ್ಯಾಹ್ನದವರೆಗೂ ನನ್ನ ಕಡೆ ತಿರುಗಲಿಲ್ಲ, ಅವ್ವ ತುಪ್ಪವನ್ನು ಎಲ್ಲರಷ್ಟೇ ಬಿಟ್ಟಳು. ಈಗ, ನಾನು ಸಹಿ ಹಾಕಿದ ಮೇಲೆ, ಅಪ್ಪ ಬಂದು ಬಾಗಿಲಲ್ಲಿ ನಿಂತು, "ಬೆಟ್ಟದ್ಮೇಲೆ ಚಳಿ ಜಾಸ್ತಿ ಕಣೋ, ಕಂಬಳಿ ಇಟ್ಕೊಂಡ್ಯಾ?" ಎಂದರು. ಇಟ್ಟುಕೊಂಡಿದ್ದೇನೆ. ಬೀರೂರಿನಲ್ಲಿ ರೈಲು ಬದಲಿಸಿ ತರೀಕೆರೆಗೆ ಹೋಗಬೇಕು. ನಾಳೆ ಬೆಳಿಗ್ಗೆ ಹೊರಡುತ್ತೇನೆ.