ಚಕ್ರವಿಲ್ಲದ ಬಸ್ಸು

ಮನೆ, ಅಡುಗೆಮನೆಯ ಮೇಜಿನಿಂದ
ಭಾನುವಾರ, ಒಂಬತ್ತನೆಯ ತಾರೀಖು

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ನೆಗಡಿ ಬಿಟ್ಟಿತೋ, ಇಲ್ಲ ಬಂದರಿನ ಗಾಳಿಗೆ ಇನ್ನೂ ಮೂಗಿನಲ್ಲೇ ಮನೆ ಮಾಡಿಕೊಂಡಿದೆಯೋ? ಕ್ರೇನಿನ ಏಣಿ ಹತ್ತುವಾಗ ಕೈಗವಸು ಹಾಕಿಕೋ. ಮೇಲೆ ಗೂಡಿನಲ್ಲಿ ಕೂತರೆ ಕೆಳಗಿನವರೆಲ್ಲ ಇರುವೆಗಳ ಹಾಗೆ ಕಾಣುತ್ತಾರೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗಿನಿಂದ ನಿನ್ನಮ್ಮನಿಗೆ ಇಲ್ಲಿ ಅಡುಗೆಮನೆಯಲ್ಲಿ ನಿಂತರೂ ತಲೆ ಸುತ್ತುತ್ತದಂತೆ. ನನಗೆ ಮಾತ್ರ ಎದೆ ಉಬ್ಬಿದೆ. ಬಸ್ ಡ್ರೈವರನ ಮಗಳು ಕ್ರೇನ್ ನಡೆಸಲು ಕಲಿಯುತ್ತಿದ್ದಾಳೆ ಎಂದು ಬೀದಿಯಲ್ಲಿ ಕೇಳಿದವರಿಗೂ ಹೇಳಿದ್ದೇನೆ, ಕೇಳದವರನ್ನು ನಿಲ್ಲಿಸಿಯೂ ಹೇಳಿದ್ದೇನೆ. ಅಳಿಯಂದಿರು ಕಾರ್ಖಾನೆಯ ಬೆಳಗಿನ ಪಾಳಿಯಲ್ಲೇ ಇದ್ದಾರೆ, ಕತ್ತಲು ಹರಿಯುವ ಮೊದಲೇ ಹೊರಡುತ್ತಾರೆ, ಆರೋಗ್ಯವಾಗಿದ್ದಾರೆ. ನಿನ್ನಮ್ಮ ಎಂದಿನಂತೆ ನನ್ನ ತಪ್ಪು ಹುಡುಕುವುದರಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ನನ್ನ ಮೊಣಕಾಲಿನ ಬಗ್ಗೆ, ಉಸಿರಿನ ಬಗ್ಗೆ ಅವಳೇನಾದರೂ ಗುಟ್ಟಾಗಿ ಬರೆದಿದ್ದರೆ ಅರ್ಧ ಮಾತ್ರ ನಂಬು.

ಈಗ ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ನಿನ್ನಮ್ಮ ಅದನ್ನು ಜೋರಾಗಿ ಓದಿದಳು, ನಿನ್ನ ಸಿಟ್ಟಿನ ಜಾಗಗಳಲ್ಲಿ ತನ್ನ ಸಿಟ್ಟನ್ನೂ ಒಂದು ಚಮಚ ಸೇರಿಸಿ. ಮಗುವನ್ನು ಶಾಲೆಗೆ ಅಷ್ಟು ದೂರ ನಡೆಸಬಾರದು, ನಡೆಸುವುದೇ ಆದರೆ ಕಲಿಕೆಯನ್ನು ಅರ್ಧಕ್ಕೆ ಬಿಟ್ಟು ಬಂದುಬಿಡುತ್ತೇನೆ ಎಂದು ಬರೆದಿದ್ದೀಯ. ನೀನು ಹೇಳಿದ್ದನ್ನು ಮಾಡುವವಳು ಎಂದು ನನಗೆ ಗೊತ್ತು. ಆ ಪಟ್ಟು ನನ್ನಿಂದಲೇ ಬಂದದ್ದು, ಬೇರೆ ಯಾರನ್ನು ದೂರಲಿ? ಆದರೆ ನೀನು ಕ್ರೇನಿನಿಂದ ಇಳಿದು ಬರಬಾರದು. ಅದಕ್ಕೇ ಈ ಉದ್ದದ ಪತ್ರ. ಪೂರ್ತಿ ಓದಿ ಆಮೇಲೆ ಬಯ್ಯಿ.

ನಮ್ಮ ಬೀದಿಯ ಶಾಲೆಯ ಗೋಡೆ ಬಿರುಕು ಬಿಟ್ಟು, ಅದನ್ನು ಮುಚ್ಚಿ, ಮಕ್ಕಳನ್ನೆಲ್ಲ ರೈಲು ಹಳಿಯ ಆಚೆಯ ದೊಡ್ಡ ಶಾಲೆಗೆ ಸೇರಿಸಿದ್ದು ನೀನು ಹೊರಟ ಮೇಲೆ. ನಾನೇನು ಮೊದಲ ದಿನವೇ ಕೋಲು ಹಿಡಿದು ಮಗುವನ್ನು ನಡೆಸಿಬಿಡಲಿಲ್ಲ. ಮೊದಲು ವ್ಯಾನಿಗೆ ಹಾಕಿದೆವು. ಆ ವ್ಯಾನಿನವನು ತಿರುವುಗಳನ್ನು ತೆಗೆದುಕೊಳ್ಳುವ ರೀತಿ ನೋಡಿದರೆ ಲೈಸೆನ್ಸ್ ಕೊಟ್ಟವರ ಕಿವಿ ಹಿಂಡಬೇಕು ಅನ್ನಿಸುತ್ತದೆ. ಮಗು ದಿನವೂ ಹೊಟ್ಟೆ ತೊಳಸಿ, ಬಿಳಿಚಿಕೊಂಡ ಮುಖ ಹೊತ್ತು ತರಗತಿಗೆ ಹೋಗುತ್ತಿತ್ತು. ಇನ್ನು ಸಿಟಿ ಬಸ್ಸು, ನನ್ನದೇ ಹಳೆಯ ಬಸ್ಸು, ಅದರ ಬಗ್ಗೆ ಕೆಟ್ಟ ಮಾತಾಡಲು ನಾಲಗೆ ಏಳುವುದಿಲ್ಲ. ಆದರೂ ನಿಜ ಹೇಳಬೇಕು. ಅದು ರೈಲ್ವೆ ಗೇಟು ಸುತ್ತಿ ಹೋಗುತ್ತದೆ. ಗೇಟು ಬಿದ್ದರೆ ಮೊದಲ ಪಾಠಕ್ಕೆ ಕೈ ಮುಗಿಯಬೇಕು. ಹಳಿ ದಾಟಲು ಮೆಟ್ಟಿಲ ಸೇತುವೆ ಇರುವುದು ನಡೆಯುವವರಿಗೆ ಮಾತ್ರ.

ನಿನ್ನ ವಾದವನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಚಿಕ್ಕವಳಿದ್ದಾಗ, ನಮ್ಮ ಬೀದಿಯಲ್ಲಿ ಇನ್ನೂ ಶಾಲೆ ಇಲ್ಲದ ಕಾಲದಲ್ಲಿ, ನೀನೂ ಅಷ್ಟೇ ದೂರ ನಡೆದವಳು, ಮೊದಲ ಪಾಠದಲ್ಲಿ ಕಣ್ಣು ಎಳೆಯುತ್ತಿತ್ತು, ಸಂಜೆ ಮನೆಗೆ ಬಂದು ಶೂ ಬಿಚ್ಚದೆ ಮಲಗಿಬಿಡುತ್ತಿದ್ದೆ. ನನ್ನ ಮಗಳ ಕಾಲಿಗೆ ಆ ನೋವು ಬೇಡ ಎಂದು ನೀನು ಬರೆದ ಸಾಲು ಓದುವಾಗ ನಿನ್ನಮ್ಮನ ದನಿ ಸ್ವಲ್ಪ ಇಳಿಯಿತು. ಆ ಸಾಲನ್ನು ನಾನು ಇನ್ನೊಮ್ಮೆ ಓದಿಸಿದೆ, ಸುಳ್ಳು ಯಾಕೆ ಹೇಳಲಿ? ಆದರೆ ಒಂದು ಮಾತು ಕೇಳು ಮಗಳೇ. ನೀನು ನಡೆದದ್ದು ಒಬ್ಬಳೇ. ನಿನ್ನನ್ನು ದಣಿಸಿದ್ದು ಬರೀ ದೂರವಲ್ಲ, ಮಾತಿಗೆ ಯಾರೂ ಇಲ್ಲದ ದೂರ. ಖಾಲಿ ಬಸ್ಸು ಓಡಿಸಿದ ದಿನ ನನಗೂ ಸೊಂಟ ಹೆಚ್ಚು ನೋಯುತ್ತಿತ್ತು, ತುಂಬಿದ ಬಸ್ಸಿನ ದಿನ ದಾರಿ ಹೋದದ್ದೇ ತಿಳಿಯುತ್ತಿರಲಿಲ್ಲ. ಮಕ್ಕಳು ದೂರ ನಡೆಯಬೇಕೇ ಎಂದು ಕೇಳಿದರೆ ನಾನು ಬೇಕು ಎಂದೂ ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಜೊತೆಗೆ ಯಾರಿದ್ದಾರೆ, ಯಾವ ದಾರಿ ಎಂದು ಮೊದಲು ಕೇಳುತ್ತೇನೆ.

ಹಾಗಾಗಿ ನಾನೊಂದು ಬಸ್ಸು ಬಿಟ್ಟೆ. ನಗಬೇಡ. ಚಕ್ರವಿಲ್ಲದ ಬಸ್ಸು. ನಮ್ಮ ಮನೆಯ ಗೇಟು ಮೊದಲ ಸ್ಟಾಪು. ಮುಂದೆ ಡ್ರೈವರ್ ನಾನು, ಹಳೆಯ ಟೋಪಿ ಹಾಕಿಕೊಂಡು. ಹಿಂದೆ ಕಂಡಕ್ಟರ್, ನಿನ್ನ ಮಗಳು. ನನ್ನ ಪೆಟ್ಟಿಗೆಯಿಂದ ಹಿತ್ತಾಳೆಯ ಸೀಟಿ ತೆಗೆದು ಅವಳ ಕೊರಳಿಗೆ ಹಾಕಿದ್ದೇನೆ. ಒಂದು ಸೀಟಿ ಊದಿದರೆ ನಿಲ್ಲಬೇಕು, ಎರಡು ಊದಿದರೆ ರೈಟ್, ಹೊರಡಬೇಕು. ನಡುವೆ ಪ್ರಯಾಣಿಕರು: ಟೈಲರನ ಅವಳಿ ಹೆಣ್ಣುಮಕ್ಕಳು, ಔಷಧಿ ಅಂಗಡಿಯವನ ಮಗ, ಮತ್ತೆ ಮೂಲೆಮನೆಯ ಪುಟಾಣಿ. ಔಷಧಿ ಅಂಗಡಿಯ ಹುಡುಗನಿಗೆ ನಾವು ಇಟ್ಟ ಹೆಸರು ಪ್ರಶ್ನೆಪತ್ರಿಕೆ. ರೈಲು ತಿರುಗುವಾಗ ಯಾಕೆ ಬೀಳಲ್ಲ, ನಾಯಿಗೆ ರಜೆ ಇದೆಯಾ, ಹೀಗೆ ಶುರು ಮಾಡಿದರೆ ಶಾಲೆಯ ಗಂಟೆಯೇ ಅವನ ಬಾಯಿ ಮುಚ್ಚಿಸಬೇಕು. ಪುಟಾಣಿಯ ಹೆಸರು ಕಡಲೆಕಾಳು. ಬೆನ್ನಿಗೆ ಚೀಲ ಏರಿಸಿದರೆ ಹಿಂದಿನಿಂದ ಚೀಲವೊಂದೇ ನಡೆದು ಹೋದಂತೆ ಕಾಣುತ್ತದೆ. ನಿವೃತ್ತನಾಗಿ ಬಸ್ಸು ಬಿಟ್ಟರೂ ಬಸ್ಸಿನ ಹುಚ್ಚು ಈ ಮನುಷ್ಯನನ್ನು ಬಿಡಲಿಲ್ಲ ಎಂದು ನಿನ್ನಮ್ಮ ಬೀದಿಗೆಲ್ಲ ಕೇಳುವ ಹಾಗೆ ಗೊಣಗಿದಳು. ಗೊಣಗುತ್ತಲೇ ಕಡಲೆಕಾಳಿನ ಚೀಲದ ಪಟ್ಟಿಯನ್ನು ಹೊಲಿದು ಚಿಕ್ಕದು ಮಾಡಿಕೊಟ್ಟಳು.

ಮೊದಲ ದಿನ ಏನಾಯಿತು ಅಂತೀಯಾ? ಇದನ್ನು ನಾನು ಬರೆಯದಿದ್ದರೆ ನಿನ್ನ ಮಗಳು ಬರೆಯುತ್ತಾಳೆ, ಅದಕ್ಕೆ ನಾನೇ ಬರೆದುಬಿಡುತ್ತೇನೆ. ಈ ಊರಿನಲ್ಲಿ ಆಯುಷ್ಯದ ಅರ್ಧ ಕಳೆದದ್ದು ನಾನು ಸ್ಟೇರಿಂಗ್ ಹಿಂದೆ. ನನಗೆ ಗೊತ್ತಿದ್ದ ಊರು ಬಸ್ಸು ಹೋಗುವಷ್ಟು ಅಗಲದ್ದು ಮಾತ್ರ. ಕಾಲು ತಾನಾಗಿಯೇ ದೊಡ್ಡ ರಸ್ತೆ ಹಿಡಿಯಿತು. ಹೊಗೆ, ಧೂಳು, ಲಾರಿ. ಅದು ಸಾಲದು ಎಂದು ಪ್ರತಿ ಬಸ್ ಸ್ಟಾಪಿನಲ್ಲೂ ಎಲ್ಲರನ್ನೂ ನಿಲ್ಲಿಸಿದೆ. ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ, ಆದರೂ ನಿಂತೆವು. ರೈಲ್ವೆ ಗೇಟಿನ ಮುಂದೆ ವಾಹನಗಳ ಸಾಲಿನಲ್ಲಿ, ಒಂದು ಲಾರಿಯ ಹಿಂದೆ, ನಮ್ಮ ಸರದಿಗಾಗಿ ಕಾಯುತ್ತಾ ನಿಂತಿದ್ದಾಗ ನಿನ್ನ ಮಗಳು ಹಿಂದಿನಿಂದ ಬಂದು ನನ್ನ ಷರಟು ಎಳೆದಳು. ತಾತ, ನಮಗೆ ಚಕ್ರ ಇಲ್ಲ, ಸೇತುವೆ ಮೇಲೆ ಹೋಗಬಹುದು ಅಂದಳು. ಆ ದಿನ ಮಕ್ಕಳೆಲ್ಲ ತಡವಾಗಿ ತರಗತಿಯ ಹೊರಗೆ ನಿಂತರು. ನಾನೂ ಅವರ ಜೊತೆ ಹೊರಗೆ ನಿಂತೆ, ಟೋಪಿ ಕೈಯಲ್ಲಿ ಹಿಡಿದು.

ಮಾರನೆಯ ದಿನದಿಂದ ದಾರಿ ಹುಡುಕಿದ್ದು ಮಕ್ಕಳು. ಬಡಗಿಯ ಅಂಗಡಿಯ ಹಿಂದೆ ಒಂದು ಓಣಿ ಇದೆ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಮರದ ಪುಡಿಯ ವಾಸನೆ, ಗೋಡೆಯುದ್ದಕ್ಕೂ ನೆರಳು. ಅದು ಮುಗಿದರೆ ಹಳೆಯ ಗೋದಾಮಿನ ಅಂಗಳ, ಅಲ್ಲಿ ಮಲಗಿರುವ ಒಂದು ಮುದಿ ನಾಯಿ ನಮ್ಮನ್ನು ನೋಡಿ ಏಳುವ ಕಷ್ಟವನ್ನೂ ತೆಗೆದುಕೊಳ್ಳುವುದಿಲ್ಲ. ದೊಡ್ಡ ರಸ್ತೆಯನ್ನು ದಾಟುವುದು ಒಂದೇ ಕಡೆ, ಸಿಗ್ನಲ್ ಇರುವಲ್ಲಿ. ಅಲ್ಲಿ ನಾನು ಕೈ ಚಾಚಿ ನಿಂತರೆ ಬಸ್ಸಿನವರೆಲ್ಲ ನನ್ನ ಹಳೆಯ ಟೋಪಿ ಗುರುತಿಸಿ ನಿಲ್ಲಿಸುತ್ತಾರೆ. ದಾಟಿದರೆ ಕ್ಷೌರದ ಅಂಗಡಿ, ಅದರ ಮುಂದೊಂದು ಬೆಂಚು, ಎದುರಿಗೇ ಮೆಟ್ಟಿಲ ಸೇತುವೆ. ಸೇತುವೆಯ ಆಚೆ ಇಳಿದರೆ ಶಾಲೆಯ ಗೇಟು. ಜೋರು ಮಳೆಯಾದರೆ ವ್ಯಾನಿನಲ್ಲೇ ಹೋಗಲಿ, ಅದಕ್ಕೆ ನನ್ನ ಅಡ್ಡಿಯಿಲ್ಲ.

ಇನ್ನೊಂದು ದಿನದ ಕಥೆ ಕೇಳು. ಗಡಿಯಾರ ನೋಡಿ ಹೊರಡುವುದು ನನ್ನ ರಕ್ತದಲ್ಲೇ ಇದೆ. ಅಂದು ಹೊತ್ತಾಯಿತು ಎಂದು ಹೊರಟೇಬಿಟ್ಟೆ. ಓಣಿಯ ಕೊನೆಗೆ ಬಂದಾಗ ಹಿಂದೆ ಏನೋ ಖಾಲಿ ಅನ್ನಿಸಿತು. ತಿರುಗಿ ನೋಡಿದರೆ ಪ್ರಯಾಣಿಕರೆಲ್ಲ ಇದ್ದಾರೆ, ಕಂಡಕ್ಟರೇ ಇಲ್ಲ. ಕಡಲೆಕಾಳು ಊಟದ ಡಬ್ಬಿ ಮರೆತಳೆಂದು ನಿನ್ನ ಮಗಳು ತರಲು ಓಡಿದ್ದಳಂತೆ. ಎಲ್ಲರನ್ನೂ ಅಲ್ಲೇ ನಿಲ್ಲಿಸಿದೆ. ಏದುಸಿರು ಬಿಡುತ್ತಾ ಬಂದವಳು ಅಳಲಿಲ್ಲ, ಕೂಗಾಡಲಿಲ್ಲ. ಡಬ್ಬಿಯನ್ನು ಕಡಲೆಕಾಳಿನ ಚೀಲಕ್ಕೆ ತುರುಕಿ, ನನ್ನ ಮುಂದೆ ಬಂದು ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಕಂಡಕ್ಟರ್ ರೈಟ್ ಅನ್ನೋವರೆಗೂ ಬಸ್ ಹೊರಡೋ ಹಾಗಿಲ್ಲ ತಾತ. ನೀನೇ ಹೇಳಿಕೊಟ್ಟಿದ್ದು." ಪಕ್ಕಾ ನೀನೇ ನಿಂತಂತಿತ್ತು. ಅಂದಿನಿಂದ ಎರಡು ಸೀಟಿ ಕೇಳದೆ ನಾನು ಹೆಜ್ಜೆ ಎತ್ತಿಲ್ಲ.

ಮೊದಮೊದಲು ಕಾಲು ನೋವು ಎಂದು ಗೋಳಾಡಿದ್ದು ನಿಜ. ಅವಳಿಗಳಲ್ಲಿ ಒಬ್ಬಳು ತರಗತಿಯಲ್ಲಿ ತೂಕಡಿಸಿದಳೆಂದು ಟೀಚರಮ್ಮ ಹೇಳಿದ್ದೂ ನಿಜ. ಈಗ ಅದೇ ಟೀಚರಮ್ಮ, ಇವರು ಬಂದ ಕೂಡಲೇ ಇಡೀ ತರಗತಿಗೆ ಎಚ್ಚರವಾಗುತ್ತದೆ ಅನ್ನುತ್ತಾರೆ. ನಿನ್ನ ಮಗಳ ಮುಖದಲ್ಲಿ ಬಣ್ಣ ಬಂದಿದೆ, ತಟ್ಟೆ ಖಾಲಿ ಮಾಡುತ್ತಾಳೆ, ಹಾಸಿಗೆಗೆ ಬಿದ್ದ ಕೂಡಲೇ ನಿದ್ದೆ. ವ್ಯಾನಿನಲ್ಲಿ ಹೋಗುತ್ತಿದ್ದಾಗ ಅವಳು ನಿನ್ನನ್ನು ನೆನೆದು ಕಿಟಕಿಗೆ ಹಣೆ ಒತ್ತಿ ಕೂರುತ್ತಿದ್ದಳಂತೆ. ಈಗಲೂ ನೆನೆಯುತ್ತಾಳೆ. ಸೇತುವೆಯ ಮೇಲೆ ನಿಂತು, ಅಮ್ಮನ ಕ್ರೇನ್ ಇದಕ್ಕಿಂತ ಎತ್ತರ ಎಂದು ಪ್ರಶ್ನೆಪತ್ರಿಕೆಗೆ ಉತ್ತರ ಕೊಡುತ್ತಾಳೆ. ನೆನಪು ಅದೇ, ಆದರೆ ಈಗ ತಲೆ ಎತ್ತಿ ನೆನೆಯುತ್ತಾಳೆ.

ಹೀಗಿರುವಾಗ ನೀನು ಅಲ್ಲಿಂದ ಇಳಿದು ಬಂದರೆ, ಅವಳು ಸೇತುವೆಯ ಮೇಲೆ ನಿಂತು ಯಾರ ಬಗ್ಗೆ ಜಂಬ ಕೊಚ್ಚಲಿ? ಪರೀಕ್ಷೆ ಮುಗಿಸು. ಸರ್ಟಿಫಿಕೇಟು ಹಿಡಿದೇ ಬಾ. ಇಲ್ಲಿಯದನ್ನು ನಮಗೆ ಬಿಡು, ನಾವೆಲ್ಲ ಸತ್ತಿಲ್ಲ. ಅಳಿಯಂದಿರ ಪತ್ರ ಬೇರೆಯೇ ಬರುತ್ತದೆ, ಅದರಲ್ಲಿ ಏನಿದೆಯೋ ನಾನು ನೋಡಿಲ್ಲ, ನೋಡುವ ವಯಸ್ಸೂ ಅಲ್ಲ. ನಿನ್ನ ಕೈ ಕ್ರೇನಿನ ಲಿವರಿನ ಮೇಲೆ ಗಟ್ಟಿಯಾಗಿರಲಿ, ನಿದ್ದೆ ಚೆನ್ನಾಗಿ ಬರಲಿ, ಎತ್ತಿದ ಭಾರವೆಲ್ಲ ನೆಲಕ್ಕೆ ಮೆತ್ತಗೆ ಇಳಿಯಲಿ ಎಂದು ಹರಸುವ,

ನಿನ್ನ ಅಪ್ಪ,
ಡ್ರೈವರ್ (ನಿವೃತ್ತ, ಆದರೆ ಪೂರ್ತಿ ಅಲ್ಲ)

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ನಿನ್ನಮ್ಮ ಈ ಪತ್ರ ಓದಿ, ನಿಜ ಬರೆಯದೆ ಲಕೋಟೆ ಅಂಟಿಸಿದರೆ ನಾನೇ ಬರೆಯುತ್ತೇನೆ ಎಂದು ಪಕ್ಕದಲ್ಲೇ ಕೂತಿದ್ದಾಳೆ. ಕೆಳಗಿನ ಮನೆಯವನು ಅಂಚೆಗೆ ಹಾಕಲು ಬಾಗಿಲಲ್ಲಿ ಕಾಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಹೋದ ವಾರದಿಂದ ನಾನು ಶಾಲೆಯವರೆಗೆ ಹೋಗುತ್ತಿಲ್ಲ. ಸೇತುವೆಯ ಮೆಟ್ಟಿಲು ಹತ್ತುವಾಗ ನನಗೆ ಉಸಿರು ಸಾಲುತ್ತಿರಲಿಲ್ಲ. ಶೂ ಲೇಸು ಕಟ್ಟುವ ನೆಪದಲ್ಲಿ ಬಗ್ಗಿ ನಿಲ್ಲುತ್ತಿದ್ದೆ, ಯಾರಿಗೂ ಗೊತ್ತಾಗಿಲ್ಲ ಅಂದುಕೊಂಡಿದ್ದೆ. ಸೋಮವಾರ ರಸ್ತೆ ದಾಟಿ ಕ್ಷೌರದ ಅಂಗಡಿಯ ಮುಂದೆ ಬಂದಾಗ ಹಿಂದಿನಿಂದ ಒಂದು ಸೀಟಿ. ಎಲ್ಲರೂ ನಿಂತೆವು. ಮನೆಯಲ್ಲಿ ನನ್ನ ತಲೆಯ ಮೇಲೆ ಕೂರುವವಳು, ಪ್ರಯಾಣಿಕರ ಜೊತೆ ಮಾತಾಡುವಷ್ಟು ಮರ್ಯಾದೆಯಿಂದ ಬೆಂಚು ತೋರಿಸಿ ಹೇಳಿದಳು: "ತಾತ, ನಿಮ್ಮ ಸ್ಟಾಪ್ ಬಂತು. ಇಳ್ಕೊಳ್ಳಿ." ನಾನು ಡ್ರೈವರ್ ಕಣೇ ಅಂದೆ. "ಡ್ರೈವರ್ ಬದಲಾಗ್ತಾರೆ ತಾತ, ಬಸ್ ನಿಲ್ಲಲ್ಲ" ಅಂದು ನನ್ನ ಟೋಪಿ ತೆಗೆದು ಪ್ರಶ್ನೆಪತ್ರಿಕೆಯ ತಲೆಗಿಟ್ಟಳು.

ದೊಡ್ಡ ರಸ್ತೆಯನ್ನು ಈಗಲೂ ನಾನೇ ದಾಟಿಸುತ್ತೇನೆ. ಅಲ್ಲಿಂದ ಆಚೆಗೆ ಮಾತ್ರ ಅವರೇ. ಬೆಂಚಿನಿಂದ ಸೇತುವೆ ಪೂರ್ತಿ ಕಾಣುತ್ತದೆ, ಆ ಕಡೆ ಇಳಿಯುವಲ್ಲಿ ಶಾಲೆಯ ಕಾವಲುಗಾರ ನಿಂತಿರುತ್ತಾನೆ, ಸಂಜೆ ಅವರು ಬರುವ ಮೊದಲೇ ನಾನು ಬೆಂಚಿನಲ್ಲಿ ಇರುತ್ತೇನೆ. ಆದರೂ ಅವಳು ನಿನ್ನ ಮಗಳು. ನೀನು ಬೇಡ ಅಂದರೆ ನಾಳೆಯೇ ವ್ಯಾನಿಗೆ ಹತ್ತಿಸುತ್ತೇನೆ, ಒಂದು ಮಾತೂ ಆಡುವುದಿಲ್ಲ. ಸೋಮವಾರ ಅವರು ಮೇಲಕ್ಕೆ ಹತ್ತುವುದನ್ನು ನೋಡುತ್ತಾ ಕೂತಿದ್ದಾಗ ನನಗೆ ಭಯವಾಯಿತು ಮಗಳೇ, ಬಸ್ಸು ಓಡಿಸಿದ ಅಷ್ಟು ವರ್ಷದಲ್ಲಿ ಆಗದಷ್ಟು. ಮೇಲೆ ತಲುಪಿ ಅವಳು ನನ್ನ ಕಡೆ ತಿರುಗಿ ಸೀಟಿ ಬಾಯಿಗಿಟ್ಟಳು. ಎರಡು ಸಲ ಊದಿದಳು. ಅದು ಬಸ್ಸಿಗಲ್ಲ, ನನಗೆ. ನಾನು ಎದ್ದು ಮನೆಗೆ ಹೊರಟೆ. ಅವಳಿಗಿನ್ನೂ ನಿನ್ನ ಸೀಟಿ ಕೇಳಿಸಿಲ್ಲ, ದಿನವೂ ಅಂಚೆಯವನನ್ನು ಕಾಯುತ್ತಾಳೆ. ಉದ್ದದ ಉತ್ತರ ಬೇಡ. ರೈಟ್ ಅಂತ ಒಂದು ಮಾತು ಬರೆ.