ಹಸಿರು ಗೇಟಿನ ಬೀದಿ

ಬೆಲ್‌ಗ್ರೇಡ್, ವೆತ್ರೊವೊ ಗುಡ್ಡ
12 ಅಕ್ಟೋಬರ್ 2004

ಪ್ರೀತಿಯ ತಮ್ಮ ರಾದಿಸಾವ್‌ಗೆ,

ನಿನ್ನ ಅಕ್ಕ ಸ್ತಮೇನಾಳ ಆಶೀರ್ವಾದಗಳು. ಈಸ್ಟರ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಬೇಕೆಂದೇ ತಡಮಾಡಿದೆ. "ಅಕ್ಕಾ, ಇನ್ನೂ ಎಷ್ಟು ವರ್ಷ ನಿಂಗೆ ಬರೆಯೋ ಕಾಗದಾನ ಗುಡ್ಡದ ಕೆಳಗಿನ ಅಂಗಡಿಗೇ ಕಳಿಸ್ಲಿ?" ಎಂದು ಕೇಳಿದ್ದೆಯಲ್ಲ, ಅದಕ್ಕೆ ಸರಿಯಾದ ಉತ್ತರ ಸಿಗುವ ತನಕ ಪೆನ್ನು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದೆ. ಸಿಕ್ಕಿತು. ನಮ್ಮ ಬೀದಿಗೆ ಹೆಸರು ಬಂತು, ಮನೆಗಳಿಗೆ ನಂಬರು ಬಂತು. ನೀನು ಗುಡ್ಡ ಹತ್ತಿ ಇಪ್ಪತ್ತೈದು ವರ್ಷವಾಯಿತು. ಇನ್ನು ಹತ್ತಿಸದೆ ಬಿಡುವವಳಲ್ಲ ನಾನು.

ನಾವು ಬಂದಾಗ ಇಲ್ಲಿ ಇದ್ದದ್ದು ಜೋಳದ ಹೊಲ ಮತ್ತು ಗಾಳಿ. ಪರವಾನಗಿ ಇಲ್ಲ, ನೀರಿಲ್ಲ, ನಕ್ಷೆಯಲ್ಲಿ ನಾವೇ ಇಲ್ಲ. ಭಾನುವಾರ ಯಾರ ಮನೆಗೆ ತಾರಸಿ ಹಾಕುತ್ತಾರೋ ಅಲ್ಲಿಗೆ ಎಲ್ಲರೂ ಬಕೆಟ್ ಹಿಡಿದು ಹಾಜರು. ಕೆಲಸ ಮುಗಿದ ಮೇಲೆ, ನಮ್ಮ ಪದ್ಧತಿಯಂತೆ, ಮೇಸ್ತ್ರಿಗಳಿಗೆ ಉಡುಗೊರೆಯೆಂದು ಹೊಸ ಅಂಗಿಗಳು ತಾರಸಿಯ ಮೇಲೆ ತೂಗಾಡಬೇಕು. ನಿನ್ನ ಭಾವ ತಿಹೊಮಿರ್ ಟ್ರಾಮ್ ಕಾರ್ಖಾನೆಯಲ್ಲಿ ಉಳಿದ ಹಸಿರು ಬಣ್ಣ ತಂದರು. ಬೀದಿಯ ಗಂಡಸರೆಲ್ಲ ಅಲ್ಲೇ ದುಡಿಯುತ್ತಿದ್ದರಲ್ಲ, ಎಲ್ಲರೂ ತಂದರು. ಕಡೆಗೆ ಎಲ್ಲ ಗೇಟೂ ಹಸಿರು. ಕುಡಿದು ಬಂದವರು ಪಕ್ಕದ ಮನೆಗೆ ನುಗ್ಗಿ ಬೈಸಿಕೊಂಡದ್ದು ಒಂದೆರಡು ಸಲವಲ್ಲ. ಈಗ ಬಂದು ನೋಡು, ಒಂದು ಗೇಟೂ ಹಸಿರಿಲ್ಲ. ನಮ್ಮದು ಕೆಂಪು.

ಪುರಸಭೆಯವರು ಸಭೆ ಕರೆದು, ನಮ್ಮ ಬೀದಿಗೆ ಇಡಲೆಂದು ಯಾವನೋ ಸೇನಾಪತಿಯ ಹೆಸರು ಓದಿದರು. ಎದುರುಮನೆಯ ವುಕೊಸಾವಾ ಎದ್ದಳು.

"ಸ್ವಾಮಿ, ಈ ಮನುಷ್ಯ ನಮ್ಮ ಗುಡ್ಡಕ್ಕೆ ಒಂದು ಬಕೆಟ್ ಸಿಮೆಂಟಾದ್ರೂ ಹೊತ್ತಿದ್ನಾ?"

"ಅಮ್ಮಾ, ಅವರು ಸತ್ತು ನೂರು ವರ್ಷ ಆಯ್ತು," ಎಂದ ಅಧಿಕಾರಿ.

"ಹಂಗಾದ್ರೆ ಅವರಿಗೆ ಬೀದಿ ಯಾಕೆ, ಮಲಗಿರ್ಲಿ ಬಿಡಿ."

ಜನ ಬಿದ್ದು ಬಿದ್ದು ನಕ್ಕರು. ಆಗ ನಾನು ಎದ್ದು, "ಹಸಿರು ಗೇಟಿನ ಬೀದಿ ಅಂತ ಇಡಿ," ಎಂದೆ. ನಗು ನಿಂತಿತು. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ಅಧಿಕಾರಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. "ಅಲ್ಲಿ ಒಂದೂ ಹಸಿರು ಗೇಟಿಲ್ವಲ್ಲ?" ಎಂದ. ಎತ್ತಿದ ಕೈ ಯಾರೂ ಇಳಿಸಲಿಲ್ಲ.

ಮೊನ್ನೆ ಶನಿವಾರ ಫಲಕ ಹಾಕಿದರು. ನಾಲ್ಕು ತಿರುಪು ಬಿಗಿದದ್ದಕ್ಕೇ ಆ ನೌಕರನಿಗೆ ವುಕೊಸಾವಾ ಹೊಸ ಅಂಗಿ ಕೊಟ್ಟಳು, ತಾರಸಿ ಹಾಕಿದ ಮೇಸ್ತ್ರಿಗೆ ಕೊಟ್ಟ ಹಾಗೆ. ಪ್ಲಮ್ ಬ್ರಾಂದಿ ಹೊಳೆಯಾಗಿ ಹರಿಯಿತು. ಅವಳ ಗಂಡ ಕುಣಿಯುತ್ತಲೇ ತಲೆಸುತ್ತಿ ಬಿದ್ದ. ಫೋನ್ ಮಾಡಿದವರು ಬೀದಿಯ ಹೆಸರು, ಮನೆ ನಂಬರು, ಇಷ್ಟೇ ಹೇಳಿದ್ದು. ಆಂಬುಲೆನ್ಸ್ ಯಾರನ್ನೂ ಕೇಳದೆ ಸೀದಾ ಬಂದು ಮನೆ ಮುಂದೆ ನಿಂತಿತು. ಇಡೀ ಬೀದಿ ಚಪ್ಪಾಳೆ ತಟ್ಟಿತು. ಡ್ರೈವರ್ ಕಕ್ಕಾಬಿಕ್ಕಿಯಾದ. ಬಿದ್ದವನು ಕಣ್ಣು ಬಿಟ್ಟು, "ನಾನು ಅಷ್ಟು ಚೆನ್ನಾಗಿ ಕುಣಿದ್ನಾ?" ಎಂದ. ನಿನ್ನ ಭಾವ ಆ ಡ್ರೈವರನ್ನು ತಬ್ಬಿಕೊಂಡು ಅತ್ತುಬಿಟ್ಟರು. ನನಗೆ ಅಳು ಬರಲಿಲ್ಲ ಕಣೋ, ಗೆದ್ದೆವು ಎನಿಸಿತು.

ನಿನ್ನ ಹೆಂಡತಿ ಮಕ್ಕಳಿಗೆ ದೇವರು ಆಯುಸ್ಸು, ಆರೋಗ್ಯ ಕೊಡಲಿ. ನಿನಗೆ ನಿದ್ದೆ ಕೊಡಲಿ.

ನಿನ್ನ ಅಕ್ಕ,
ಸ್ತಮೇನಾ

ತಾ.ಕ.: ಆ ಜನವರಿಯಲ್ಲಿ ನಮ್ಮ ಪುಟ್ಟ ಯಾಗೊದಾಗೆ ಉಸಿರು ಸಿಕ್ಕಿಕೊಂಡಾಗ ನೀನು ಕೆಳಗಿನ ಅಂಗಡಿಗೆ ಓಡಿ, ಫೋನಿನಲ್ಲಿ "ಹಸಿರು ಗೇಟಿನ ಮನೆ" ಎಂದೆ. ನಾನು ಹೋಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆಂಬುಲೆನ್ಸಿನವರು ಒಂದೊಂದೇ ಹಸಿರು ಗೇಟು ಬಡಿಯುತ್ತ ಮೇಲೆ ಬರುವಷ್ಟರಲ್ಲಿ ಮಗಳು ನನ್ನ ತೊಡೆಯ ಮೇಲೆ ತಣ್ಣಗಾಗಿದ್ದಳು. ಮಣ್ಣು ಮಾಡಿದ ಮರುದಿನವೇ ನೀನು ಊರು ಬಿಟ್ಟೆ. ಹಾಗಾಗಿ ಆಮೇಲಿನದು ನಿನಗೆ ಗೊತ್ತಿಲ್ಲ. ಚಳಿ ಮುಗಿದ ಮೇಲೆ, ಯಾರೂ ಯಾರಿಗೂ ಹೇಳದೆ, ಮನೆಮನೆಯವರೂ ಗೇಟಿನ ಹಸಿರು ಕೆರೆದು ಬೇರೆ ಬೇರೆ ಬಣ್ಣ ಬಳಿದರು. ತಪ್ಪು ನಿನ್ನದೆಂದು ಇಲ್ಲಿ ಯಾರೂ ಒಂದು ದಿನವೂ ಅಂದಿಲ್ಲ. ವಿಳಾಸ ಬರೆದುಕೋ: ಹಸಿರು ಗೇಟಿನ ಬೀದಿ, ಹದಿನೇಳು. ಯಾರನ್ನೂ ಕೇಳಬೇಕಾಗಿಲ್ಲ, ಬಾ.